ಹಿಡಿಕೆ ಮಲಗಿದೆ, ಪಿನ್ ಕೂತಿದೆಯಾ?

ಮನೆಯಲ್ಲೇ ವಿಮಾನ ಕಟ್ಟುವವರ ಪ್ರಶ್ನೆಗಳಿಗೆ ಈ ಅಂಕಣದಲ್ಲಿ ಉತ್ತರಿಸುವವರು, ವಿಮಾನದ ಮೈ ಮತ್ತು ಬಾಗಿಲುಗಳ ತಪಾಸಣೆ ಮಾಡುತ್ತಿದ್ದ ನಿವೃತ್ತ ಇಂಜಿನಿಯರ್.

ಈ ಸಲ ಬಂದ ಪತ್ರಗಳಲ್ಲಿ ಲಗೇಜ್ ಬಾಗಿಲಿನದೇ ಜಾಸ್ತಿ. ಎಂಜಿನ್ ಬಗ್ಗೆ ಬರೆದವರು ಬೇಜಾರು ಮಾಡಿಕೊಳ್ಳಬೇಡಿ, ಮುಂದಿನ ಸಂಚಿಕೆ ನಿಮ್ಮದು.

ಪ್ರಶ್ನೆ: ಮೇಡಂ, ಕಿಟ್ ತರಿಸಿ ಎರಡು ಸೀಟಿನ ಅಲ್ಯೂಮಿನಿಯಂ ವಿಮಾನ ಕಟ್ಟುತ್ತಿದ್ದೇನೆ. ಸೀಟಿನ ಹಿಂದೆ ಎಡಗಡೆ ಲಗೇಜ್ ಬಾಗಿಲಿದೆ. 50 ಸೆಂ.ಮೀ. ಅಗಲ, 40 ಸೆಂ.ಮೀ. ಎತ್ತರ. ಮುಂದಿನ ಅಂಚಿಗೆ ಪಿಯಾನೋ ಹಿಂಜ್ (ಅಂಚಿನುದ್ದಕ್ಕೂ ಒಂದೇ ತಂತಿ ಪೋಣಿಸಿದ ಉದ್ದ ಕೀಲು), ಹಿಂದಿನ ಅಂಚಿನ ಮಧ್ಯದಲ್ಲಿ ಕೀ ಹಾಕುವ ಒಂದೇ ಒಂದು ಕ್ಯಾಮ್ ಲಾಕ್ (ಕೀ ತಿರುಗಿಸಿದರೆ ಒಳಗಿನ ನಾಲಿಗೆ ತಿರುಗಿ ಚೌಕಟ್ಟಿಗೆ ಸಿಕ್ಕಿಕೊಳ್ಳುವ ಬೀಗ). ಲಾಕ್ ಮಾಡಿದ ಮೇಲೂ ಕೆಳಗಿನ ಮೂಲೆ ಹಿಡಿದು ಎಳೆದರೆ 3 ಮಿ.ಮೀ. ಎದ್ದು ಬರುತ್ತೆ. ಹ್ಯಾಂಗರಿನ ಗೆಳೆಯರು ‘ಇಷ್ಟು ಸಾಕು’ ಅಂತಾರೆ. 150 ನಾಟ್ ವೇಗದಲ್ಲಿ ಇದು ನಿಲ್ಲುತ್ತಾ?

ಉತ್ತರ: ಎರಡು ಬೆರಳಿಗೇ 3 ಮಿ.ಮೀ. ಬಿಟ್ಟುಕೊಟ್ಟ ಬಾಗಿಲು ಗಾಳಿಗೆ ಎಷ್ಟು ಬಿಟ್ಟುಕೊಡಬಹುದು? ಲೆಕ್ಕ ಹಾಕೋಣ, ಕಷ್ಟದ್ದೇನಲ್ಲ.

150 ನಾಟ್ ಅಂದರೆ ಸೆಕೆಂಡಿಗೆ ಸುಮಾರು 77 ಮೀಟರ್. ಸಮುದ್ರಮಟ್ಟದ ಗಾಳಿಯಲ್ಲಿ ಆ ವೇಗಕ್ಕೆ ಬರುವ ಡೈನಾಮಿಕ್ ಒತ್ತಡ, ಅಂದರೆ ಎದುರು ಬಂದ ಗಾಳಿಯನ್ನು ತಡೆದು ನಿಲ್ಲಿಸಿದರೆ ಹುಟ್ಟುವ ಒತ್ತಡ, ಚದರ ಮೀಟರಿಗೆ ಸುಮಾರು 370 ಕಿಲೋ. ನಿಮ್ಮ ಬಾಗಿಲು 0.2 ಚದರ ಮೀಟರ್. ಗಾಳಿ ಉಬ್ಬಿದ ಮೈಮೇಲೆ ಹರಿಯುವಾಗ ಹೊರಗಿನ ಒತ್ತಡ ಕಡಿಮೆಯಾಗುತ್ತದೆ. ಒಳಗೆ ಅಷ್ಟು ಕಡಿಮೆ ಇರುವುದಿಲ್ಲ. ಈ ವ್ಯತ್ಯಾಸ ಡೈನಾಮಿಕ್ ಒತ್ತಡದ ಅರ್ಧದಷ್ಟು ಅಂತ ಹಿಡಿಯೋಣ. ಬಾಗಿಲಿನ ಜಾಗ, ಮೈಯ ಆಕಾರ ನೋಡಿಕೊಂಡು ಇದು ಹೆಚ್ಚುಕಡಿಮೆ ಆಗುತ್ತೆ, ಆದರೂ ಅಂದಾಜಿಗೆ ಇಷ್ಟು ಇಟ್ಟುಕೊಳ್ಳುವುದು ಒಳ್ಳೆಯದು. ಆಗ ಬಾಗಿಲನ್ನು ಹೊರಗೆ ಎಳೆಯುವ ಬಲ ಸುಮಾರು 37 ಕಿಲೋ. 75 ನಾಟಿನಲ್ಲಿ ಇದರ ಕಾಲು ಭಾಗ, 9 ಕಿಲೋ ಚಿಲ್ಲರೆ. ವೇಗ ಎರಡು ಪಟ್ಟಾದರೆ ಬಲ ನಾಲ್ಕು ಪಟ್ಟು. ರನ್‌ವೇ ಮೇಲೆ ಸುಮ್ಮನಿದ್ದ ಬಾಗಿಲು ಮೇಲೆ ಹೋದ ಮೇಲೆ ಗಲಾಟೆ ಮಾಡುವುದು ಇದಕ್ಕೇ.

37 ಕಿಲೋ ಏನು ಮಹಾ, ಕ್ಯಾಮ್ ಲಾಕ್ ಮುರಿಯಲ್ಲ ಅಲ್ವಾ, ಅಂತ ನಿಮ್ಮ ಗೆಳೆಯರು ಕೇಳಬಹುದು. ಮುರಿಯಲ್ಲ, ನಿಜ. ತೊಂದರೆ ಮೂಲೆಗಳಲ್ಲಿದೆ. ನಡುವೆ ಮಾತ್ರ ಹಿಡಿದ ತೆಳು ತಗಡಿನ ಮೂಲೆ ಸ್ವಲ್ಪ ಎದ್ದರೂ ಅಂಚು ಗಾಳಿಗೆ ಸಿಗುತ್ತದೆ, ಬಾಗಿಲು ಅದುರಲು ಶುರುವಾಗುತ್ತದೆ. ಆ ಅದುರಾಟವೆಲ್ಲ ಹೋಗಿ ಬೀಳುವುದು ಲಾಕಿನ ನಾಲಿಗೆಯನ್ನು ಹಿಡಿದಿರುವ ಒಂದೇ ನಟ್ಟಿನ ಮೇಲೆ. ಲಾಕ್ ಬಿಚ್ಚಿ ಅದರ ಬೆನ್ನು ನೋಡಿ. ಸ್ಪ್ರಿಂಗ್ ವಾಷರ್ ಹಾಕಿ ಬಿಗಿದ ಮಾಮೂಲಿ ನಟ್ ಇದ್ದರೆ ಇವತ್ತೇ ತೆಗೆಯಿರಿ. ನೈಲಾನ್ ಒಳಸುತ್ತಿನ ಲಾಕ್ ನಟ್ ಹಾಕಿ, ನಟ್ಟಿನಿಂದ ನಾಲಿಗೆಯ ಮೇಲೆ ಹಾಯುವಂತೆ ಬಣ್ಣದ ಒಂದು ಗೆರೆ ಎಳೆಯಿರಿ. ನಟ್ ತಿರುಗಿದರೆ ಗೆರೆ ತುಂಡಾಗಿ ಕಾಣುತ್ತದೆ.

ಆದರೂ ನಾನಾಗಿದ್ದರೆ ಆ ಕ್ಯಾಮ್ ಲಾಕನ್ನು ಬೀಗವಾಗಿ ಮಾತ್ರ ಉಳಿಸಿಕೊಳ್ಳುತ್ತಿದ್ದೆ. ಬೀಗ ಇರುವುದು ಕಳ್ಳರಿಗೆ, ಅಗುಳಿ ಇರುವುದು ಗಾಳಿಗೆ. ಎರಡೂ ಕೆಲಸವನ್ನು ಒಂದೇ ತುಂಡಿಗೆ ಹೊರಿಸಬೇಡಿ. ಹಿಂದಿನ ಅಂಚಿನ ಮೇಲಿನ ಮೂಲೆಗೊಂದು, ಕೆಳಗಿನ ಮೂಲೆಗೊಂದು ಸ್ಟೀಲ್ ಪಿನ್ ಹಾಕಿ. ನಡುವಿನ ಹಿಡಿಕೆ ತಿರುಗಿಸಿದರೆ ಒಂದು ಮೇಲಕ್ಕೆ, ಒಂದು ಕೆಳಕ್ಕೆ ಚೌಕಟ್ಟಿನೊಳಗೆ ಹೋಗಬೇಕು. ಪಿನ್ನಿನ ತುದಿ ಇಳಿಜಾರಾಗಿದ್ದರೆ ಬಾಗಿಲನ್ನು ಒಳಗೆ ಎಳೆದುಕೊಳ್ಳುತ್ತದೆ, ಒಳ್ಳೆಯದೇ. ಆದರೆ ಆ ಇಳಿಜಾರು ಭಾಗವನ್ನು ಹಿಡಿತದ ಲೆಕ್ಕಕ್ಕೆ ಸೇರಿಸಬೇಡಿ. ಪೂರ್ತಿ ದಪ್ಪದ ಭಾಗ ಕನಿಷ್ಠ ತನ್ನ ವ್ಯಾಸದಷ್ಟಾದರೂ ಚೌಕಟ್ಟು ದಾಟಿರಲಿ.

ಪಿನ್ ಹೋಗುವ ತೂತನ್ನು ಬರೀ ಅಲ್ಯೂಮಿನಿಯಂ ತಗಡಿನಲ್ಲಿ ಬಿಡಬೇಡಿ. ಸ್ಟೀಲ್ ಉಜ್ಜಿ ಉಜ್ಜಿ ದುಂಡಗಿನ ತೂತು ಮೊಟ್ಟೆಯಾಗುತ್ತದೆ. ಹಿಂದೆ ಒಂದು ದಪ್ಪ ಪಟ್ಟಿ ರಿವೆಟ್ ಮಾಡಿ, ಅದಕ್ಕೊಂದು ಸ್ಟೀಲ್ ಬುಷ್ (ತೂತಿನೊಳಗೆ ಕೂರುವ ಸಣ್ಣ ಕೊಳವೆ) ಕೂರಿಸಿ. ಆಮೇಲೆ ತೂತಿನ ಸುತ್ತ ಮಸಿಯಂಥ ಕಪ್ಪು ಪುಡಿ ಕಂಡರೆ ‘ಕೊಳೆ’ ಅಂತ ಒರೆಸಿ ಮುಂದೆ ಹೋಗಬೇಡಿ. ಅದು ಸವೆದ ಅಲ್ಯೂಮಿನಿಯಂ. ಅಲ್ಲಿ ಏನೋ ಅಲ್ಲಾಡುತ್ತಿದೆ ಅಂತ ಅರ್ಥ.

ಸ್ಪ್ರಿಂಗ್ ಇದ್ದರೆ ಅದು ಪಿನ್ನನ್ನು ಮುಚ್ಚುವ ಕಡೆಗೇ ತಳ್ಳಬೇಕು. ಮಡಚುವ ಹಿಡಿಕೆಯಾದರೆ ಅದರ ಕೀಲು ಮುಂದೆ, ತುದಿ ಹಿಂದೆ ಇರಲಿ. ತಿರುಗಾಮುರುಗಾ ಹಾಕಿದರೆ ಗಾಳಿ ಅದರ ಅಡಿ ಹೊಕ್ಕು ಎತ್ತುತ್ತದೆ. ಪಿಯಾನೋ ಹಿಂಜಿನ ಉದ್ದ ತಂತಿಯನ್ನು ಎರಡೂ ಕಡೆ ಬಂದೋಬಸ್ತ್ ಮಾಡಿದ್ದೀರಾ? ತುದಿ ಬಗ್ಗಿಸಿ ಅಥವಾ ಸೇಫ್ಟಿ ವೈರ್ (ಕಳಚದಂತೆ ಬಿಗಿಯುವ ತೆಳು ತಂತಿ) ಕಟ್ಟಿ. ಇಲ್ಲದಿದ್ದರೆ ಅದು ನಡುಗಿ ನಡುಗಿ ಸದ್ದಿಲ್ಲದೆ ಹೊರಗೆ ಬರುತ್ತದೆ. ಹಿಂಜ್ ಮುಂದಿನ ಅಂಚಿಗೆ ಇರುವುದು ನಿಮ್ಮ ಪುಣ್ಯ. ಬಾಗಿಲು ಬಿಟ್ಟುಕೊಂಡರೂ ಗಾಳಿ ಅದನ್ನು ಮತ್ತೆ ಮೈಕಡೆಗೇ ಒತ್ತುತ್ತದೆ. ಹಿಂದಿನ ಅಂಚಿಗೆ ಹಿಂಜ್ ಹಾಕುವ ಯೋಚನೆ ಯಾರಿಗಾದರೂ ಇದ್ದರೆ ದಯವಿಟ್ಟು ಬಿಡಿ.

ಇನ್ನು ರಬ್ಬರ್ ಸೀಲ್. ಮಳೆನೀರು ಬರಬಾರದು ಅಂತ ದಪ್ಪನೆಯದು ಹಾಕುತ್ತಾರೆ. ಆ ರಬ್ಬರ್ ದಿನವಿಡೀ ಬಾಗಿಲನ್ನು ಹೊರಗೆ ತಳ್ಳುತ್ತಲೇ ಇರುತ್ತದೆ. ಮುಚ್ಚಲು ಮೊಣಕಾಲು ಕೊಡಬೇಕಾದರೆ ಸೀಲ್ ದಪ್ಪವಾಯಿತು ಅಂತಲೇ ತಿಳಿಯಿರಿ.

ಎಲ್ಲ ಆದ ಮೇಲೆ ಹೀಗೆ ಪರೀಕ್ಷೆ ಮಾಡಿ. ಗಾಜು ಎತ್ತುವ ರಬ್ಬರ್ ಸಕ್ಷನ್ ಕಪ್ಪನ್ನು ಮೂಲೆಗೆ ಅಂಟಿಸಿ, ಸೂಟ್‌ಕೇಸ್ ತೂಗುವ ಕೊಕ್ಕೆ ತಕ್ಕಡಿ ಸಿಕ್ಕಿಸಿ, ನಿಧಾನಕ್ಕೆ ಎಳೆಯಿರಿ. 37 ಕಿಲೋವನ್ನು ನಾಲ್ಕು ಮೂಲೆಗೆ ಹಂಚಿದರೆ ಒಂದಕ್ಕೆ 9 ಚಿಲ್ಲರೆ. ವಿಮಾನ ವಿನ್ಯಾಸದಲ್ಲಿ ರೂಢಿಯಿರುವ ಒಂದೂವರೆ ಪಟ್ಟು ಸೇರಿಸಿದರೆ ಸುಮಾರು 14. ನಾನು 15ಕ್ಕೆ ಎಳೆಯುತ್ತೇನೆ. ಮೂಲೆ 1 ಮಿ.ಮೀ.ಗಿಂತ ಜಾಸ್ತಿ ಎದ್ದರೆ ಒಪ್ಪುವುದಿಲ್ಲ. ನಿಮ್ಮ ವಿಮಾನದ ಗರಿಷ್ಠ ವೇಗ 150ಕ್ಕಿಂತ ಹೆಚ್ಚಿದ್ದರೆ ಆ ವೇಗಕ್ಕೇ ಲೆಕ್ಕ ಹಾಕಿ. ಪಿನ್ ಹಾಕುವ ಮೊದಲು ಕಿಟ್ ಕಂಪನಿಗೊಂದು ಮಾತು ಕೇಳಿ, ಚೌಕಟ್ಟಿಗೆ ತೂತು ಕೊರೆಯುವ ವಿಷಯ ಇದು.

ಪ್ರಶ್ನೆ: ಡ್ಯಾಶ್‌ಬೋರ್ಡಿನಲ್ಲಿ ‘ಬಾಗಿಲು ತೆರೆದಿದೆ’ ಅನ್ನುವ ಕೆಂಪು ದೀಪ ಹಾಕಿದ್ದೇನೆ. ಬಾಗಿಲು ಮುಚ್ಚಿದರೆ ಆರುತ್ತೆ. ಇಷ್ಟಿದ್ದರೆ ಪ್ರತಿ ಸಲ ಇಳಿದು ಹೋಗಿ ನೋಡುವುದು ತಪ್ಪುತ್ತೆ ಅಲ್ವಾ?

ಉತ್ತರ: ಇಲ್ಲ, ಇಳಿದು ನೋಡುವುದು ತಪ್ಪುವುದಿಲ್ಲ. ದೀಪ ಯಾರ ಮಾತು ಕೇಳಿ ಆರುತ್ತಿದೆ ಅಂತ ಮೊದಲು ನೋಡಿ. ಸ್ವಿಚ್ ಬಾಗಿಲಿನ ತಗಡಿಗೆ ತಾಗುತ್ತಿದ್ದರೆ ಬಾಗಿಲು ಸುಮ್ನೆ ಒರಗಿಕೊಂಡಿದ್ದರೂ ದೀಪ ಆರುತ್ತದೆ. ಹಿಡಿಕೆಗೆ ತಾಗುತ್ತಿದ್ದರೆ ಹಿಡಿಕೆ ಮಲಗಿದೆ ಅಂತ ಮಾತ್ರ ಗೊತ್ತಾಗುತ್ತದೆ. ಅಗುಳಿಯ ಬಗ್ಗೆ ಇಬ್ಬರೂ ಏನೂ ಹೇಳುವುದಿಲ್ಲ.

ಇದಕ್ಕೆ ದೊಡ್ಡ ವಿಮಾನಗಳು ಬಹಳ ಬೆಲೆ ತೆತ್ತಿವೆ. 1972ರ ಜೂನ್ 12ರಂದು ಅಮೆರಿಕನ್ ಏರ್‌ಲೈನ್ಸಿನ ಡಿಸಿ-10 ವಿಮಾನದ ಹಿಂದಿನ ಸರಕು ಬಾಗಿಲು ಕೆನಡಾದ ವಿಂಡ್ಸರ್ ಮೇಲೆ ಹಾರುವಾಗ ಕಿತ್ತುಹೋಯಿತು. ನೆಲದ ಮೇಲಿದ್ದ ಕೆಲಸಗಾರ ಹಿಡಿಕೆ ಕೂರದೆ ಮೊಣಕಾಲು ಕೊಟ್ಟು ಒತ್ತಿದ್ದ. ಹಿಡಿಕೆ ಮಲಗಿತು, ಕಾಕ್‌ಪಿಟ್ಟಿನ ದೀಪ ಆರಿತು, ಒಳಗೆ ಕೊಂಡಿಗಳು ಪೂರ್ತಿ ಕೂತಿರಲಿಲ್ಲ. ಅವತ್ತು ಎಲ್ಲರೂ ಉಳಿದರು. 1974ರ ಮಾರ್ಚ್ 3ರಂದು ಪ್ಯಾರಿಸ್ಸಿನಿಂದ ಹೊರಟ ಟರ್ಕಿಶ್ ಏರ್‌ಲೈನ್ಸಿನ ಡಿಸಿ-10ಗೆ ಅದೇ ಬಾಗಿಲು, ಅದೇ ಕಥೆ. 346 ಜನ ಸತ್ತರು. ಪಿನ್ ನೋಡಲು ಬಾಗಿಲಿನಲ್ಲಿ ಸಣ್ಣ ಗಾಜಿನ ಕಿಂಡಿ ಇಟ್ಟಿದ್ದರು, ಅವತ್ತು ಅದರಲ್ಲಿ ಯಾರೂ ಇಣುಕಿ ನೋಡಲಿಲ್ಲ. ಬಾಗಿಲಿಗೆ ಮಾಡಬೇಕಿದ್ದ ಒಂದು ಬದಲಾವಣೆ ‘ಆಗಿದೆ’ ಅಂತ ಕಾಗದದಲ್ಲಿತ್ತು, ವಿಮಾನದಲ್ಲಿ ಇರಲಿಲ್ಲ.

ಅವು ಒಳಗೆ ಒತ್ತಡ ತುಂಬಿದ ವಿಮಾನಗಳು, ಅಲ್ಲಿನ ಬಲವೇ ಬೇರೆ. ಆದರೆ ಹಿಡಿಕೆ ಸುಳ್ಳು ಹೇಳುವ ರೀತಿ ನಿಮ್ಮ ಹ್ಯಾಂಗರಿನಲ್ಲೂ ಅದೇ.

ಹಾಗಾಗಿ ಮೈಕ್ರೋಸ್ವಿಚ್ಚನ್ನು ಚೌಕಟ್ಟಿನ ಆಚೆ ಬದಿ ಇಡಿ. ಪಿನ್ ಪೂರ್ತಿ ದಾಟಿ ಬಂದು ತುದಿಯಿಂದ ಒತ್ತಿದರೆ ಮಾತ್ರ ಅದು ಸೇರಬೇಕು. ಎರಡು ಪಿನ್ ಇದ್ದರೆ ಎರಡು ಸ್ವಿಚ್, ಒಂದರ ಹಿಂದೆ ಒಂದು. ಎರಡೂ ಸೇರಿ ಸರ್ಕ್ಯೂಟ್ ಪೂರ್ತಿಯಾದರೆ ‘ಸರಿ’ ಅಂತ ತೋರಿಸಲಿ. ಆಗ ವೈರ್ ತುಂಡಾದರೂ, ಕನೆಕ್ಟರ್ ಕಳಚಿದರೂ ನಿಮಗೆ ಸಿಗುವುದು ಎಚ್ಚರಿಕೆಯೇ. ಈಗ ನೀವು ಹಾಕಿರುವ ರೀತಿಯಲ್ಲಿ ಬಲ್ಬ್ ಸುಟ್ಟರೆ ಬಾಗಿಲು ಯಾವಾಗಲೂ ‘ಮುಚ್ಚಿದೆ’!

ಕಿಂಡಿಯ ಉಪಾಯ ನಮಗೂ ಒದಗುತ್ತದೆ. ಪಿನ್ ಕಾಣುವ ಕಡೆ ಬೆರಳಗಲದ ತೂತು ಮಾಡಿ ಪಾರದರ್ಶಕ ಪ್ಲಾಸ್ಟಿಕ್ ಮುಚ್ಚಿ. ಪಿನ್ನಿನ ತುದಿಗೆ ಹಸಿರು ಬಣ್ಣ ಬಳಿಯಿರಿ. ಇನ್ನೊಂದು ವಿಷಯ ಕೀಲಿಕೈ. ಲಾಕ್ ಆದಾಗ ಮಾತ್ರ ಕೀ ಹೊರಗೆ ಬರುವಂಥ ಬೀಗ ಸಿಗುತ್ತದೆ, ಅದನ್ನೇ ತನ್ನಿ. ಅದರ ಕೀ ಮತ್ತು ಎಂಜಿನ್ ಕೀ ಒಂದೇ ರಿಂಗಿನಲ್ಲಿರಲಿ. ಬಾಗಿಲಿಗೆ ಬೀಗ ಬೀಳದೆ ಎಂಜಿನ್ ಶುರು ಮಾಡಲು ಆಗುವುದೇ ಇಲ್ಲ.

ಪ್ರಶ್ನೆ: ಟೇಕಾಫ್ ಆದ ಕೂಡಲೇ ಲಗೇಜ್ ಬಾಗಿಲು ಫಟ್ಟನೆ ತೆರೆದರೆ ಏನು ಮಾಡಬೇಕು? ಪಕ್ಕದವರು ಹಿಂದೆ ಕೈ ಚಾಚಿ ಎಳೆದು ಹಿಡಿಯಬಹುದಾ?

ಉತ್ತರ: ಬೇಡ. ಯಾರೂ ಬೆಲ್ಟ್ ಬಿಚ್ಚಬೇಡಿ, ನೀವು ಹಿಂದೆ ತಿರುಗಿ ನೋಡಲೂಬೇಡಿ. ಚಕ್ರ ಇನ್ನೂ ನೆಲದ ಮೇಲಿದ್ದು, ಮುಂದೆ ರನ್‌ವೇ ಧಾರಾಳವಾಗಿದ್ದರೆ ಪವರ್ ತೆಗೆದು ನಿಲ್ಲಿಸಿ. ಎದ್ದಾಗಿದ್ದರೆ ಹಾರಿಸಿ. ಸದ್ದು ಭಯಂಕರ ಇರುತ್ತದೆ, ಕಾಗದಪತ್ರ ಹಾರುತ್ತದೆ, ಆದರೆ ಸಾಮಾನ್ಯವಾಗಿ ವಿಮಾನ ಹಾರುತ್ತಲೇ ಇರುತ್ತದೆ. ತೆರೆದ ಬಾಗಿಲಿಗಿಂತ ಪೈಲಟ್ ಗಾಬರಿಬಿದ್ದು ಮಾಡುವ ಕೆಲಸವೇ ಅಪಾಯ ಅಂತ ಅಮೆರಿಕದ ವಿಮಾನಯಾನ ನಿಯಂತ್ರಣ ಸಂಸ್ಥೆ ಎಫ್‌ಎಎ ಕೂಡ ತನ್ನ ಪೈಲಟ್‌ಗಳಿಗೆ ಹೇಳುತ್ತದೆ. ವೇಗ ಬೀಳಿಸಿಕೊಂಡು, ಅವಸರದಲ್ಲಿ ಕಡಿದಾಗಿ ತಿರುಗಿಸಿ, ಸ್ಟಾಲ್ ಆಗಿ, ಅಂದರೆ ರೆಕ್ಕೆ ಎತ್ತುವ ಬಲ ಕಳೆದುಕೊಂಡು, ಬೀಳುವುದೇ ಆ ಅಪಾಯ.

ಮಾಮೂಲಿ ಎತ್ತರಕ್ಕೆ ಹೋಗಿ, ರನ್‌ವೇ ಪಕ್ಕದ ಮಾಮೂಲಿ ಸುತ್ತು (ಸರ್ಕ್ಯೂಟ್) ಹಾಕಿ, ಇಳಿಯಿರಿ. ಬಾಲ ನಡುಗುತ್ತಿದ್ದರೆ ವೇಗವನ್ನು ಸ್ವಲ್ಪ ಸ್ವಲ್ಪವೇ ಬದಲಿಸಿ ನಡುಕ ಕಡಿಮೆ ಇರುವ ಕಡೆ ನಿಲ್ಲಿಸಿ. ಒಂದು ಮಾತು ಬಹಳ ಜನ ಮರೆಯುತ್ತಾರೆ. ಹಿಂದೆ ಬಾಗಿಲು ತೆರೆದಿದ್ದರೆ ಕ್ಯಾಬಿನ್ನಿನ ಗಾಳಿ ಹೊರಕ್ಕೆ ಎಳೆದುಹೋಗುತ್ತದೆ. ಆ ಎಳೆತಕ್ಕೆ ಎಂಜಿನ್ ಹೊಗೆ ಸಂದುಗಳಿಂದ ಒಳಗೆ ಬರಬಹುದು. ಹೀಟರ್ ಮುಚ್ಚಿ, ಹೊರಗಾಳಿಯ ಕಿಂಡಿ ಪೂರ್ತಿ ತೆರೆಯಿರಿ.

ಪ್ರಶ್ನೆ: ನಮ್ಮ ವಿಮಾನದಲ್ಲಿ ಲಗೇಜ್ ಬಾಗಿಲು ವಿಂಡ್‌ಶೀಲ್ಡಿನ ಮುಂದಿದೆ. ಇದೇ ನಿಯಮ ಸಾಕಾ?

ಉತ್ತರ: ಸಾಲದು. ಅಲ್ಲಿ ಪ್ರೊಪೆಲ್ಲರಿನ ಗಾಳಿಯೂ ಬಡಿಯುತ್ತದೆ, ಬಾಗಿಲು ಕಿತ್ತು ಬಂದರೆ ನೇರ ನಿಮ್ಮ ಮುಖಕ್ಕೆ. ಎರಡು ಪಿನ್ ಜೊತೆಗೆ, ಹಿಡಿಕೆಗೆ ಸಂಬಂಧವೇ ಇಲ್ಲದ ಇನ್ನೊಂದು ಕೊಂಡಿ ಇರಲಿ. ಪ್ರೊಪೆಲ್ಲರ್ ಹಿಂದಿರುವ ಪುಷರ್ ವಿಮಾನದವರಿಗೂ ಇದೇ ಉತ್ತರ, ಅಲ್ಲಿ ಬಿದ್ದದ್ದೆಲ್ಲ ಪ್ರೊಪೆಲ್ಲರಿಗೇ ಹೋಗುತ್ತದೆ. ಒಳಗಿನ ಸಾಮಾನನ್ನು ಬಲೆ ಹಾಕಿ ಬಿಗಿಯಿರಿ. ಭಾರದ ಪೆಟ್ಟಿಗೆಗಿಂತ ವಿಮಾನಕ್ಕೆ ಹೊದಿಸುವ ಬಟ್ಟೆಯ ಮೇಲೆ ನನಗೆ ಸಂಶಯ ಜಾಸ್ತಿ. ಹಗುರ, ಉದ್ದ, ಬಾಲದ ರೆಕ್ಕೆಗೆ ಸುತ್ತಿಕೊಂಡರೆ ವಿಮಾನದ ಮೂಗು ಎತ್ತಿ ಇಳಿಸುವ ಎಲಿವೇಟರ್ ಅಲ್ಲಾಡುವುದಿಲ್ಲ.

ಪ್ರಶ್ನೆ: ಪಿನ್ ಎಲ್ಲ ಮಾಡಿಸುವ ತನಕ ಅಂಚಿಗೆ ಗಟ್ಟಿ ಟೇಪ್ ಸುತ್ತಿ ಹಾರಿಸಬಹುದಾ?

ಉತ್ತರ: ಟೇಪಿನ ಅಡಿಯಲ್ಲಿ ಸಂದು ಎಷ್ಟಾಗಿದೆ ಅಂತ ಕಾಣುವುದೇ ಇಲ್ಲವಲ್ಲ! ಬಾಗಿಲನ್ನು ಚೌಕಟ್ಟಿಗೆ ಸುತ್ತಲೂ ಸ್ಕ್ರೂ ಹಾಕಿ ಮುಚ್ಚಿಬಿಡಿ. ನಟ್‌ಪ್ಲೇಟ್ (ಚೌಕಟ್ಟಿನ ಹಿಂದೆ ಕೂರಿಸಿಬಿಡುವ ನಟ್) ಹಾಕಿದರೆ ಆಮೇಲೆ ತೆಗೆಯುವುದೂ ಸುಲಭ. ಅಲ್ಲಿಯ ತನಕ ಬ್ಯಾಗನ್ನು ಸೀಟಿನ ಮೇಲಿಂದ ಹಾಕಿಕೊಳ್ಳಿ.