ಓದುಗರ ಪ್ರಶ್ನೆ: ವರ್ತಕರ ಮನೆಯ ಹಳೆಯ ಬಿಲ್ಲುಗಳನ್ನು ಏಕೆ ಕಾಪಾಡಬೇಕು?

ಪ್ರಶ್ನೆ: ಅಮೆರಿಕದ ಆರಂಭಕಾಲದ ವರ್ತಕ ಕುಟುಂಬಗಳ ಮನೆಖರ್ಚಿನ ಬಿಲ್ಲುಗಳೂ ಮೃತರ ಆಸ್ತಿಪಟ್ಟಿಗಳೂ ಅಲ್ಲಿನ ಗ್ರಂಥಾಲಯಗಳಲ್ಲಿ ರಾಶಿರಾಶಿಯಾಗಿವೆ ಎಂದು ಕೇಳಿದ್ದೇನೆ. ಕುರ್ಚಿ, ಬಟ್ಟೆ, ಚಹಾದ ಲೆಕ್ಕವನ್ನು ಇನ್ನೂರೈವತ್ತು ವರ್ಷ ಕಾಪಾಡಿದ್ದರಿಂದ ಏನು ಪ್ರಯೋಜನ? ಆಸ್ತಿಪಟ್ಟಿಯನ್ನು ಓದಿದರೆ ಆ ಮನೆಯ ಬದುಕು ತಿಳಿಯುತ್ತದೆಯೇ?
— ಓದುಗರೊಬ್ಬರು, ಧಾರವಾಡ

ಉತ್ತರ: ತಮ್ಮ ಎರಡನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ. ಆಸ್ತಿಪಟ್ಟಿಯೊಂದರಿಂದಲೇ ತಿಳಿಯುವುದಿಲ್ಲ, ಬಿಲ್ಲುಗಳನ್ನು ಪಕ್ಕದಲ್ಲಿಟ್ಟುಕೊಂಡು ಓದಬೇಕು.

ಯಜಮಾನನು ತೀರಿಕೊಂಡಾಗ ನ್ಯಾಯಾಲಯವು ಊರಿನ ಇಬ್ಬರು ಮೂವರನ್ನು ಬೆಲೆ ಕಟ್ಟಲು ನೇಮಿಸುತ್ತಿತ್ತು. ಅವರು ನಮ್ಮ ಪಂಚರು ಪಂಚನಾಮೆ ಬರೆಯುವಂತೆ ಕೋಣೆಯಿಂದ ಕೋಣೆಗೆ ನಡೆಯುತ್ತ, ಕಂಡ ಮಂಚ, ಗರಿಯ ಹಾಸಿಗೆ, ಬೆಳ್ಳಿ ಪಾತ್ರೆ, ಒಲೆಯ ಇಕ್ಕುಳಗಳನ್ನು ಬರೆದು ಎದುರಿಗೆ ಬೆಲೆ ನಮೂದಿಸುತ್ತಿದ್ದರು. ಮನೆ ಎಂದೋ ನೆಲಸಮವಾಗಿದ್ದರೂ ಅದರ ಕೋಣೆಗಳ ಹೆಸರು, ಕೆಲವೊಮ್ಮೆ ಅವುಗಳ ಕ್ರಮ ಕೂಡ ನಮಗೆ ದೊರೆಯುವುದು ಇದರಿಂದಲೇ. ಆದರೆ ಅಲ್ಲಿರುವುದು ಬಳಸಿದ ವಸ್ತುವಿನ ಬೆಲೆಯೇ ಹೊರತು ಕೊಂಡಾಗ ಕೊಟ್ಟ ಹಣವಲ್ಲ. ಮಗಳಿಗೆ ಮದುವೆಯಲ್ಲಿ ಕೊಟ್ಟುಬಿಟ್ಟದ್ದು ಪಟ್ಟಿಯಲ್ಲಿರುವುದಿಲ್ಲ. ತಿಂದು ಮುಗಿಸಿದ್ದೂ ಇರುವುದಿಲ್ಲ. ಅನೇಕ ವಸಾಹತುಗಳ ಪಟ್ಟಿಗಳಲ್ಲಿ ಭೂಮಿಯೇ ಸೇರಿರಲಿಲ್ಲ.

ಪಟ್ಟಿಯಿಂದ ಜಾರಿಹೋದ ಈ ಬದುಕು ಬಿಲ್ಲುಗಳಲ್ಲಿದೆ. ನಾಣ್ಯದ ಕೊರತೆಯಿದ್ದ ಆ ಕಾಲದಲ್ಲಿ ದರ್ಜಿ, ಚಮ್ಮಾರ, ವೈದ್ಯ, ಬಡಗಿ ಎಲ್ಲರೂ ಉದ್ರಿಯ ಮೇಲೆಯೇ ಕೆಲಸ ಮಾಡುತ್ತಿದ್ದರು. ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಬಾಕಿ ಬೆಳೆದ ಮೇಲೆ ದಿನಾಂಕವಾರು ಬಿಲ್ಲು ಬರೆದು ಕಳುಹಿಸುತ್ತಿದ್ದರು. ಹಣ ಸಂದಾಯವಾದಾಗ ಅದೇ ಹಾಳೆಯ ಕೆಳಗೆ ಸಹಿ ಹಾಕಿದರೆ ಅದೇ ರಸೀದಿಯಾಗುತ್ತಿತ್ತು. ವರ್ತಕನು ಅದನ್ನು ಮಡಚಿ, ಹೊರಬದಿಯಲ್ಲಿ ಹೆಸರು, ದಿನಾಂಕ, ಮೊತ್ತಗಳನ್ನು ಬರೆದು, ಕಟ್ಟು ಕಟ್ಟಿ ಇಡುತ್ತಿದ್ದನು. ಕೊಟ್ಟ ಹಣವನ್ನು ಮತ್ತೆ ಕೇಳಿದರೆ ತೋರಿಸಲು ಬೇರೆ ಸಾಕ್ಷಿಯಿರಲಿಲ್ಲ. ಅವನು ಸತ್ತ ಮೇಲೆ ಉಯಿಲಿನ ನಿರ್ವಾಹಕರೂ ನ್ಯಾಯಾಲಯಕ್ಕೆ ಲೆಕ್ಕ ಒಪ್ಪಿಸಬೇಕಾಗಿತ್ತು. ಈ ಭಯ, ಈ ಶಿಸ್ತುಗಳಿಂದಲೇ ಕಾಗದಗಳು ಉಳಿದವು.

ಫಿಲಡೆಲ್ಫಿಯದ ಜಾನ್ ಕ್ಯಾಡ್ವಾಲಡರ್ ಅವರ ಉದಾಹರಣೆ ನನಗೆ ಅತ್ಯಂತ ಮೆಚ್ಚಿನದು. ಮುಂದೆ ಬ್ರಿಟಿಷರ ವಿರುದ್ಧದ ಅಮೆರಿಕದ ಕ್ರಾಂತಿಯುದ್ಧದಲ್ಲಿ ಸೇನಾನಿಯಾದ ಈ ವರ್ತಕರು 1769ರ ಸುಮಾರಿಗೆ ಮನೆಯೊಂದನ್ನು ಕೊಂಡು ಭವ್ಯವಾಗಿ ಅಲಂಕರಿಸಿದರು. ಮನೆ ಉಳಿದಿಲ್ಲ, ಬಿಲ್ಲುಗಳು ಉಳಿದಿವೆ. ಪೀಠೋಪಕರಣ ಮಾಡಿದ ಥಾಮಸ್ ಅಫ್ಲೆಕ್ ಅವರ ಬಿಲ್ಲಿನಲ್ಲಿ ಕೆತ್ತನೆಗಾರರಿಗೆ ಸಲ್ಲಬೇಕಾದ ಹಣವೂ ನಮೂದಾಗಿರುವುದರಿಂದ, ಒಂದು ಮೇಜಿನ ಹಿಂದೆ ಎಷ್ಟು ಕೈಗಳಿದ್ದವೆಂಬುದು ತಿಳಿಯುತ್ತದೆ. ಚದುರಿಹೋಗಿದ್ದ ವಸ್ತುಗಳನ್ನು ವಿದ್ವಾಂಸರು ಇಂಥ ಕಾಗದಗಳ ಆಧಾರದಿಂದ ಗುರುತಿಸಿದರು; ಆ ಮನೆಯದೆನ್ನಲಾದ ಒಂದು ಒರಗುಕುರ್ಚಿ 1987ರಲ್ಲಿ 27.5 ಲಕ್ಷ ಡಾಲರಿಗೆ ಹರಾಜಾಯಿತು.

ಓದುವಾಗ ಹಣದ ಲೆಕ್ಕದಲ್ಲಿ ಎಚ್ಚರವಿರಲಿ, ಏಕೆಂದರೆ ಷಿಲ್ಲಿಂಗಿನ ಬೆಲೆ ಎಲ್ಲೆಡೆ ಒಂದೇ ಆಗಿರಲಿಲ್ಲ. ಅಲ್ಲಿ ಚಲಾವಣೆಯಲ್ಲಿದ್ದ ಸ್ಪೇನಿನ ಒಂದು ಬೆಳ್ಳಿ ಡಾಲರು ನ್ಯೂ ಇಂಗ್ಲೆಂಡಿನಲ್ಲಿ 6 ಷಿಲ್ಲಿಂಗ್, ಫಿಲಡೆಲ್ಫಿಯದಲ್ಲಿ 7 ಷಿಲ್ಲಿಂಗ್ 6 ಪೆನ್ಸ್, ನ್ಯೂಯಾರ್ಕಿನಲ್ಲಿ 8 ಷಿಲ್ಲಿಂಗ್ ಆಗಿತ್ತು. ಇದನ್ನರಿಯದೆ ಎರಡು ಊರುಗಳ ಬೆಲೆಗಳನ್ನು ಹೋಲಿಸಿದರೆ ತಪ್ಪುತ್ತೇವೆ.

ನಮ್ಮ ದೇಶದ ಹೆಜ್ಜೆಗಳೂ ಈ ಕಾಗದಗಳಲ್ಲಿವೆ. ಅಮೆರಿಕ ಸ್ವತಂತ್ರವಾದ ಮೇಲೆ ಅಲ್ಲಿನ ಮ್ಯಾಸಚೂಸೆಟ್ಸ್ ರಾಜ್ಯದ ಸೇಲಂ ಪಟ್ಟಣದ ಡರ್ಬಿ, ಕ್ರೌನಿನ್‌ಷೀಲ್ಡ್ ಮುಂತಾದ ಮನೆತನಗಳ ಹಡಗುಗಳು ನೇರವಾಗಿ ಭಾರತಕ್ಕೆ ಬಂದವು. ಅವು ಒಯ್ದ ಬಟ್ಟೆಗಳು ಬಾಫ್ತಾ, ಬಂದಾನ, ಮದ್ರಾಸ್ ಕರವಸ್ತ್ರ ಎಂಬ ಹೆಸರುಗಳಿಂದಲೇ ಅಲ್ಲಿನ ಲೆಕ್ಕಪತ್ರಗಳಲ್ಲಿ ಕಾಣುತ್ತವೆ. ನೇಯ್ದವರ ಹೆಸರು ಮಾತ್ರ ಅಲ್ಲಿಲ್ಲ.

ಇನ್ನು ಪ್ರಯೋಜನದ ಪ್ರಶ್ನೆ. ಆ ಪಟ್ಟಿಗಳಲ್ಲಿ ಹಸು, ಗಡಿಯಾರ, ಕನ್ನಡಿಗಳ ಸಾಲಿನಲ್ಲಿಯೇ ಗುಲಾಮರಾಗಿದ್ದ ಮನುಷ್ಯರನ್ನೂ ಬೆಲೆ ಕಟ್ಟಿ ಬರೆಯಲಾಗಿದೆ. ಉತ್ತರದ ವಸಾಹತುಗಳೂ ಇದಕ್ಕೆ ಹೊರತಲ್ಲ. ಪ್ರಾವಿಡೆನ್ಸ್ ಪಟ್ಟಣದ ಬ್ರೌನ್ ಸಹೋದರರು 1764ರಲ್ಲಿ ಆಫ್ರಿಕಕ್ಕೆ ಕಳುಹಿಸಿದ ‘ಸ್ಯಾಲಿ’ ಹಡಗಿನ ಲೆಕ್ಕಪುಸ್ತಕ ಇಂದಿಗೂ ಇದೆ. ನಾಯಕ ಎಸೆಕ್ ಹಾಪ್ಕಿನ್ಸ್ ಕೊಂಡ 196 ಮಂದಿಯಲ್ಲಿ ಕನಿಷ್ಠ 109 ಮಂದಿ ಸತ್ತರು. ವ್ಯಾಪಾರದ ಲೆಕ್ಕದ ನಡುವೆಯೇ ಆ ಸಾವುಗಳಿಗೂ ಒಂದೊಂದಾಗಿ ಸಂಖ್ಯೆ ಹಾಕಲಾಗಿದೆ, ಹೆಸರುಗಳಿಲ್ಲ. ಮನೆಯ ಆಸ್ತಿಪಟ್ಟಿಯಲ್ಲಾದರೆ ಅನೇಕ ವೇಳೆ ಒಂದು ಹೆಸರಿರುತ್ತದೆ, ಕೆಲವೊಮ್ಮೆ ವಯಸ್ಸೂ ಇರುತ್ತದೆ. ತಮ್ಮ ಪೂರ್ವಿಕರನ್ನು ಹುಡುಕುತ್ತಿರುವ ಎಷ್ಟೋ ಆಫ್ರಿಕನ್ ಅಮೆರಿಕನ್ ಕುಟುಂಬಗಳಿಗೆ ಆ ಒಂದು ಸಾಲನ್ನು ಬಿಟ್ಟರೆ ಬೇರೆ ಲಿಖಿತ ಗುರುತು ಸಿಕ್ಕಿಲ್ಲ.