ಅಮೆರಿಕದಲ್ಲಿ ಹಾಲಿ ಗವರ್ನರ್‌ನ ಅವರದೇ ಪಕ್ಷದವರು ಪ್ರೈಮರಿಯಲ್ಲಿ ಸೋಲಿಸೋಕೆ ಆಗುತ್ತಾ?

ನೀವು ಎರಡು ವಿಷಯ ಕೇಳಿದ್ದೀರಿ. ಹಾಲಿ ಗವರ್ನರ್‌ಗೆ ಸ್ವಂತ ಪಕ್ಷದವರೇ ಎದುರು ನಿಂತರೆ ಸೋಲಿಸೋಕೆ ಆಗುತ್ತಾ ಅನ್ನೋದು ಒಂದು. ಟ್ರಂಪ್ ಅಷ್ಟು ಬೆನ್ನಿಗೆ ನಿಂತರೂ 2022ರಲ್ಲಿ ಜಾರ್ಜಿಯಾದಲ್ಲಿ ಗವರ್ನರ್ ಬ್ರಯಾನ್ ಕೆಂಪ್‌ರನ್ನು ಸೋಲಿಸೋಕೆ ಡೇವಿಡ್ ಪರ್ಡ್ಯೂಗೆ ಯಾಕೆ ಆಗಲಿಲ್ಲ ಅನ್ನೋದು ಇನ್ನೊಂದು. ಮೊದಲನೆಯದಕ್ಕೆ ಉತ್ತರ: ಆಗುತ್ತೆ, ಆದರೆ ಬಹಳ ಅಪರೂಪ. ಎರಡನೆಯದು ಸ್ವಲ್ಪ ಉದ್ದದ ಕತೆ. ನಾನಿರೋದು ಅಟ್ಲಾಂಟಾದ ಉತ್ತರದ ಕಡೆ, ಆ ಪ್ರೈಮರಿಯಲ್ಲಿ ಮತ ಹಾಕಿದ್ದೇನೆ. ಹಾಗಾಗಿ ಕಣ್ಣಾರೆ ಕಂಡಿದ್ದನ್ನೇ ಹೇಳ್ತೀನಿ.

ಊರಿನಿಂದ ನೋಡೋರಿಗೆ ಒಂದು ವಿಷಯ ಮೊದಲೇ ಹೇಳಿಬಿಡ್ತೀನಿ. ಇಲ್ಲಿನ ಗವರ್ನರ್ ರಾಜಭವನದಲ್ಲಿರುವ ರಾಜ್ಯಪಾಲರ ಥರ ಅಲ್ಲ. ಜನರೇ ಆರಿಸುವ, ಬಜೆಟ್ ಮಂಡಿಸುವ, ಮಸೂದೆಗೆ ಸಹಿ ಹಾಕುವ ಅಥವಾ ವಾಪಸ್ ಕಳಿಸುವ ಹುದ್ದೆ. ಅಂದರೆ ನಮ್ಮ ಮುಖ್ಯಮಂತ್ರಿ ಇದ್ದಂತೆ. ಆದರೆ ಟಿಕೆಟ್ ಹಂಚೋ ಹೈಕಮಾಂಡ್ ಇಲ್ಲಿಲ್ಲ. ಬಿ ಫಾರಂ ಇಲ್ಲ, ದೆಹಲಿಗೆ ಹೋಗಿ ಕಾದು ಕೂರೋದಿಲ್ಲ. ಪಕ್ಷದ ಅಭ್ಯರ್ಥಿ ಯಾರಾಗಬೇಕು ಅಂತ ಮತದಾರರೇ ಪ್ರೈಮರಿಯಲ್ಲಿ ತೀರ್ಮಾನಿಸುತ್ತಾರೆ. ನಾಲ್ಕು ವರ್ಷ ಆಳಿದ ಗವರ್ನರ್ ಕೂಡ ಮತ್ತೆ ಅದೇ ಪರೀಕ್ಷೆಗೆ ಕೂರಬೇಕು. ಹೆಚ್ಚಿನ ಸಲ ಎದುರಿಗೆ ಹೇಳಿಕೊಳ್ಳುವಂಥವರು ಯಾರೂ ಇರೋದಿಲ್ಲ, ಅಷ್ಟೇ.

ಜಾರ್ಜಿಯಾದ ಬ್ರಯಾನ್ ಕೆಂಪ್ ವಿಷಯದಲ್ಲಿ ವಿಚಿತ್ರ ಏನಂದರೆ, ಅವರನ್ನು 2018ರಲ್ಲಿ ಮೇಲೆತ್ತಿದವರೇ ಟ್ರಂಪ್. ಆ ವರ್ಷದ ರಿಪಬ್ಲಿಕನ್ ಪ್ರೈಮರಿಯ ಎರಡನೇ ಸುತ್ತಿನಲ್ಲಿ ಟ್ರಂಪ್ ಬೆಂಬಲ ಸಿಕ್ಕ ಮೇಲೆ ಕೆಂಪ್ ಸುಲಭವಾಗಿ ಗೆದ್ದರು. ನವೆಂಬರ್‌ನಲ್ಲಿ ಡೆಮಾಕ್ರಟಿಕ್ ಪಕ್ಷದ ಸ್ಟೇಸಿ ಏಬ್ರಮ್ಸ್ ವಿರುದ್ಧ ಗೆದ್ದಿದ್ದು ಮಾತ್ರ ಸುಮಾರು 55,000 ಮತಗಳಿಂದ. ಆಮೇಲೆ 2020ರ ಅಧ್ಯಕ್ಷ ಚುನಾವಣೆ ಬಂತು. ಜಾರ್ಜಿಯಾದಲ್ಲಿ ಬೈಡನ್ 11,779 ಮತಗಳಿಂದ ಗೆದ್ದರು. ಐವತ್ತು ಲಕ್ಷ ಮತಗಳನ್ನು ಕೈಯಲ್ಲಿ ಎಣಿಸಿ ನೋಡಿದರೂ ಫಲಿತಾಂಶ ಬದಲಾಗಲಿಲ್ಲ. ಕೆಂಪ್ ಅದಕ್ಕೆ ಸಹಿ ಹಾಕಿದರು. ಅಲ್ಲಿಂದ ಟ್ರಂಪ್‌ಗೆ ಅವರ ಮೇಲೆ ಎಷ್ಟು ಸಿಟ್ಟು ಅಂದರೆ, 2021ರ ಸೆಪ್ಟೆಂಬರ್‌ನಲ್ಲಿ ಪೆರ್ರಿ ಅನ್ನೋ ಊರಿನ ಸಭೆಯಲ್ಲಿ ಇವರಿಗಿಂತ ಏಬ್ರಮ್ಸೇ ವಾಸಿಯೇನೋ ಅನ್ನೋ ಅರ್ಥದ ಮಾತನ್ನೂ ಆಡಿಬಿಟ್ಟರು. ಸ್ವಂತ ಪಕ್ಷದ ಗವರ್ನರ್ ಬಗ್ಗೆ!

ಡಿಸೆಂಬರ್‌ನಲ್ಲಿ ಡೇವಿಡ್ ಪರ್ಡ್ಯೂ ಕಣಕ್ಕಿಳಿದರು. ಸುಮ್ನೆ ಹೆಸರಿಗೆ ನಿಂತವರಲ್ಲ. ಡಾಲರ್ ಜನರಲ್ ಅಂಗಡಿಗಳ ಕಂಪನಿಗೆ ಮುಖ್ಯಸ್ಥರಾಗಿದ್ದವರು, ಆರು ವರ್ಷ ಸೆನೆಟರ್ ಆಗಿದ್ದವರು. ಅವರ ಸೋಲಿನ ಕತೆಯೂ ಮಜವಾಗಿದೆ. 2020ರ ನವೆಂಬರ್‌ನಲ್ಲಿ ಎದುರಾಳಿ ಜಾನ್ ಆಸಫ್‌ಗಿಂತ ಜಾಸ್ತಿ ಮತ ಪಡೆದಿದ್ದರು, ಶೇ. 49.7. ಜಾರ್ಜಿಯಾದಲ್ಲಿ ಅದು ಸಾಲದು. ಅರ್ಧ ದಾಟದಿದ್ದರೆ ಮೊದಲ ಇಬ್ಬರ ನಡುವೆ ಮತ್ತೊಂದು ಸುತ್ತು. ಆ ಸುತ್ತಿನಲ್ಲಿ, ಜನವರಿ 2021ರಲ್ಲಿ, ಸೋತರು. ಇನ್ನೊಂದು ತಮಾಷೆ ನೋಡಿ: ಕೆಂಪ್‌ರನ್ನು 2010ರಲ್ಲಿ ರಾಜ್ಯದ ಸೆಕ್ರೆಟರಿ ಆಫ್ ಸ್ಟೇಟ್ ಹುದ್ದೆಗೆ, ಅಂದರೆ ಚುನಾವಣೆ ನೋಡಿಕೊಳ್ಳುವ ಹುದ್ದೆಗೆ, ನೇಮಿಸಿ ದೊಡ್ಡ ರಾಜಕೀಯಕ್ಕೆ ತಂದವರು ಆಗಿನ ಗವರ್ನರ್ ಸಾನಿ ಪರ್ಡ್ಯೂ. ಅವರು ಈ ಡೇವಿಡ್ ಪರ್ಡ್ಯೂ ಅವರ ದೊಡ್ಡಪ್ಪ-ಚಿಕ್ಕಪ್ಪನ ಮಕ್ಕಳ ಪೈಕಿ ಅಣ್ಣ.

ಹೆಸರಿತ್ತು, ಸ್ವಂತ ದುಡ್ಡಿತ್ತು, ಟ್ರಂಪ್ ಇದ್ದರು. ಮತ್ತೆ ಎಲ್ಲಿ ಕೆಟ್ಟಿತು?

ನನ್ನ ಅಭಿಪ್ರಾಯದಲ್ಲಿ, ಕುರ್ಚಿಯಲ್ಲಿ ಕೂತವರ ಕೈಯಲ್ಲಿ ಕೊಡೋಕೆ ಏನಾದರೂ ಇರುತ್ತೆ. ಎದುರು ನಿಂತವರು ಅದಕ್ಕಿಂತ ದೊಡ್ಡ ಕಾರಣ ತೋರಿಸಬೇಕು. ಪರ್ಡ್ಯೂ ಕೈಯಲ್ಲಿದ್ದಿದ್ದು ಒಂದೇ ಹಳೇ ಕಾರಣ. ಏಪ್ರಿಲ್‌ನ ಟಿವಿ ಚರ್ಚೆಯಲ್ಲಿ ಅವರು ಬಾಯಿ ತೆಗೆದ ತಕ್ಷಣ ಹೇಳಿದ್ದೇ 2020ರ ಚುನಾವಣೆಯನ್ನು ಕದ್ದರು ಅಂತ. ಮುಂದಿನ ನಾಲ್ಕು ವರ್ಷದ ಮಾತು ಆಮೇಲೆ. ರಾಜ್ಯದ ಆದಾಯ ತೆರಿಗೆಯನ್ನೇ ತೆಗೆದುಹಾಕ್ತೀನಿ ಅಂತಲೂ ಹೇಳುತ್ತಿದ್ದರು, ಆದರೆ ಜನರ ಕಿವಿಗೆ ಬಿದ್ದಿದ್ದು ಆ ಮೊದಲ ಮಾತೇ.

ಅದೇ ಹೊತ್ತಿಗೆ ಕೆಂಪ್ ಏನು ಮಾಡುತ್ತಿದ್ದರು ನೋಡಿ. 2022ರ ಮಾರ್ಚ್‌ನಲ್ಲಿ ಪೆಟ್ರೋಲ್ ಮೇಲಿನ ರಾಜ್ಯದ ತೆರಿಗೆ ನಿಲ್ಲಿಸಿದರು. ಗ್ಯಾಲನ್‌ಗೆ 29.1 ಸೆಂಟ್. ಯುಕ್ರೇನ್ ಯುದ್ಧ ಶುರುವಾಗಿ ರೇಟು ಏರಿದ್ದ ಸಮಯ ಅದು. ಬಂಕ್‌ನಲ್ಲಿ ಪೈಪ್ ಹಿಡಿದು ನಿಂತವನಿಗೆ ಯಾರ ಭಾಷಣವೂ ಬೇಕಾಗಿರಲಿಲ್ಲ, ಮೀಟರ್ ಕಾಣುತ್ತಿತ್ತು. ಖಜಾನೆಯಲ್ಲಿ ಉಳಿದಿದ್ದ ಹಣದಿಂದ ತೆರಿಗೆ ಕಟ್ಟಿದವರಿಗೆ ವಾಪಸ್ ಕೊಟ್ಟರು. ಒಬ್ಬರೇ ಆದರೆ 250 ಡಾಲರ್, ಗಂಡ ಹೆಂಡತಿ ಒಟ್ಟಿಗೆ ರಿಟರ್ನ್ಸ್ ಹಾಕಿದ್ದರೆ 500. ಶಿಕ್ಷಕರ ಸಂಬಳ ಏರಿತು. ಲೈಸೆನ್ಸ್ ಇಲ್ಲದೆ ಪಿಸ್ತೂಲ್ ಇಟ್ಟುಕೊಂಡು ಓಡಾಡಬಹುದು ಅನ್ನೋ ಕಾನೂನಿಗೆ ಏಪ್ರಿಲ್‌ನಲ್ಲಿ ಸಹಿ ಹಾಕಿದರು. ನನಗೆ ಆ ಕಾನೂನು ಕಂಡರೆ ಆಗಲ್ಲ, ಅದು ಬೇರೆ ಮಾತು. ಆದರೆ ಪ್ರೈಮರಿಯಲ್ಲಿ ಮತ ಹಾಕೋ ಕಟ್ಟಾ ರಿಪಬ್ಲಿಕನ್ ಮತದಾರರಿಗೆ ಬೇಕಾಗಿದ್ದೇ ಅದು. ಬಲಪಂಥದ ಕಡೆಯಿಂದ ಕೆಂಪ್ ಮೇಲೆ ದಾಳಿ ಮಾಡೋಣ ಅಂದರೆ ಪರ್ಡ್ಯೂಗೆ ಜಾಗವೇ ಉಳಿಯಲಿಲ್ಲ.

ಮತದಾನಕ್ಕೆ ನಾಲ್ಕು ದಿನ ಇರುವಾಗ, ಮೇ 20ರಂದು, ಸವಾನ್ನಾ ಹತ್ತಿರ ಬ್ರಯನ್ ಕೌಂಟಿಯಲ್ಲಿ ಹ್ಯುಂಡೈ ಎಲೆಕ್ಟ್ರಿಕ್ ಕಾರಿನ ಕಾರ್ಖಾನೆ ಬರುತ್ತೆ ಅಂತ ಘೋಷಣೆ ಆಯಿತು. ಸುಮಾರು 550 ಕೋಟಿ ಡಾಲರ್ ಬಂಡವಾಳ, 8,100 ಕೆಲಸ. ಈ ಮುಹೂರ್ತ ಕಾಕತಾಳೀಯ ಅಂತ ನಂಬೋರು ನಂಬಬಹುದು.

ಕುರ್ಚಿಯ ಲಾಭ ದುಡ್ಡಿನಲ್ಲೂ ಇರುತ್ತೆ. ಆ ಚುನಾವಣೆಯಲ್ಲಿ ಒಬ್ಬ ದಾನಿ ಒಬ್ಬ ಅಭ್ಯರ್ಥಿಗೆ ಪ್ರೈಮರಿಗಾಗಿ 7,600 ಡಾಲರ್‌ಗಿಂತ ಹೆಚ್ಚು ಕೊಡುವಂತಿರಲಿಲ್ಲ. ಆದರೆ 2021ರಲ್ಲಿ ಬಂದ ಹೊಸ ಕಾನೂನಿನ ಪ್ರಕಾರ ಗವರ್ನರ್ ಒಂದು ವಿಶೇಷ ಸಮಿತಿ ಮಾಡಿಕೊಂಡು ಮಿತಿಯೇ ಇಲ್ಲದೆ ಹಣ ಎತ್ತಬಹುದು. ಎದುರಾಳಿಗೆ ಆ ಅವಕಾಶ ಪ್ರೈಮರಿ ಗೆದ್ದ ಮೇಲೆ ಮಾತ್ರ. ಹೇಗಿದೆ ನೋಡಿ! ಪರ್ಡ್ಯೂ ಕೋರ್ಟಿಗೆ ಹೋದರು. ಆ ಸಮಿತಿಯ ದುಡ್ಡನ್ನು ಪ್ರೈಮರಿಯಲ್ಲಿ ಪರ್ಡ್ಯೂ ವಿರುದ್ಧ ಸುರಿಯುವಂತಿಲ್ಲ ಅಂತ ಫೆಡರಲ್ ಜಡ್ಜ್ ಹೇಳಿದರು. ಅಷ್ಟು ಹೊತ್ತಿಗೆ ಹಣ ಕೊಡೋರಿಗೆ ಗಾಳಿ ಯಾವ ಕಡೆ ಅಂತ ಗೊತ್ತಾಗಿಹೋಗಿತ್ತು. ಟ್ರಂಪ್ ತಮ್ಮ ನಿಧಿಯಿಂದ 20 ಲಕ್ಷ ಡಾಲರ್‌ಗೂ ಮೇಲೆ ಕೊಟ್ಟರೂ ಸಾಲಲಿಲ್ಲ. ಅತ್ತ ಕೆಂಪ್ ಪರ ಬೇರೆ ರಾಜ್ಯಗಳ ಗವರ್ನರ್‌ಗಳು ಬಂದು ಪ್ರಚಾರ ಮಾಡಿದರು. ಕೊನೇ ದಿನ ಟ್ರಂಪ್ ಅವರದೇ ಉಪಾಧ್ಯಕ್ಷರಾಗಿದ್ದ ಮೈಕ್ ಪೆನ್ಸ್ ವೇದಿಕೆ ಹತ್ತಿದರು.

ಈಗ ಮತಗಟ್ಟೆಗೆ ಬರೋಣ. ಜಾರ್ಜಿಯಾದಲ್ಲಿ ನೀವು ಯಾವ ಪಕ್ಷದವರು ಅಂತ ಮೊದಲೇ ನೋಂದಾಯಿಸೋ ಪದ್ಧತಿ ಇಲ್ಲ. ಪ್ರೈಮರಿ ದಿನ ಹೋದಾಗ ಯಾವ ಪಕ್ಷದ ಮತಪತ್ರ ಬೇಕು ಅಂತ ಕೇಳ್ತಾರೆ. ಡೆಮಾಕ್ರಟಿಕ್, ರಿಪಬ್ಲಿಕನ್, ಇಲ್ಲವೇ ಪಕ್ಷವಿಲ್ಲದ ಹುದ್ದೆಗಳದ್ದು ಮಾತ್ರ. ಒಂದನ್ನು ಆರಿಸಿದರೆ ಕೈಗೊಂದು ಕಾರ್ಡ್ ಕೊಡ್ತಾರೆ. ಅದನ್ನು ಮೆಷಿನ್‌ಗೆ ಹಾಕಿ, ಪರದೆ ಒತ್ತಿ ಆರಿಸಿದ ಮೇಲೆ ಕಾಗದವೊಂದು ಪ್ರಿಂಟ್ ಆಗಿ ಬರುತ್ತೆ. ಓದಿ ನೋಡಿ, ಸ್ಕ್ಯಾನರ್‌ಗೆ ಹಾಕಿ, ಪೀಚ್ ಹಣ್ಣಿನ ಚಿತ್ರದ ಸ್ಟಿಕ್ಕರ್ ಅಂಟಿಸಿಕೊಂಡು ಹೊರಗೆ ಬರೋದು.

ಆ ವರ್ಷ ಡೆಮಾಕ್ರಟಿಕ್ ಕಡೆ ಗವರ್ನರ್ ಸ್ಥಾನಕ್ಕೆ ಏಬ್ರಮ್ಸ್ ಒಬ್ಬರೇ. ಪೈಪೋಟಿಯೇ ಇಲ್ಲ. ಹಾಗಾಗಿ ನನಗೆ ಗೊತ್ತಿರೋ ಕನ್ನಡದವರಲ್ಲೇ ಕೆಲವರು, ನವೆಂಬರ್‌ನಲ್ಲಿ ಡೆಮಾಕ್ರಟ್‌ಗಳಿಗೇ ಹಾಕೋರು, ಮೇ ತಿಂಗಳಲ್ಲಿ ರಿಪಬ್ಲಿಕನ್ ಮತಪತ್ರ ಕೇಳಿದರು. ಫಲಿತಾಂಶ ಒಪ್ಪದವರನ್ನು ಇಲ್ಲೇ ತಡೆಯೋಣ ಅನ್ನೋ ಲೆಕ್ಕ. ನಾನೂ ಅವರಲ್ಲಿ ಒಬ್ಬ. ಇದರಲ್ಲಿ ಮೋಸ ಏನಿಲ್ಲ, ನಿಯಮವೇ ಹಾಗಿದೆ. ಟ್ರಂಪ್ ಕಡೆಯವರು ಆಮೇಲೆ ಡೆಮಾಕ್ರಟ್‌ಗಳೇ ಬಂದು ಗೆಲ್ಲಿಸಿದರು ಅಂತ ದೂರಿದರು. ಲೆಕ್ಕ ಹಾಗೆ ಹೇಳಲ್ಲ. ಕೆಂಪ್‌ಗೆ ಸುಮಾರು 8.88 ಲಕ್ಷ ಮತ, ಶೇ. 73ರ ಮೇಲೆ. ಪರ್ಡ್ಯೂಗೆ 2.62 ಲಕ್ಷ, ಶೇ. 22ರಷ್ಟು. ಕ್ಯಾಂಡಿಸ್ ಟೇಲರ್ ಸೇರಿ ಉಳಿದ ಮೂವರಿಗೆ ಸಿಕ್ಕಿದ್ದು ಪುಡಿ ಮತಗಳು. ಆರು ಲಕ್ಷಕ್ಕೂ ಜಾಸ್ತಿ ಅಂತರ ಅದು. ನಮ್ಮಂಥವರನ್ನು ಪೂರ್ತಿ ತೆಗೆದು ನೋಡಿದರೂ ಕೆಂಪ್ ಆರಾಮಾಗಿ ಗೆಲ್ಲುತ್ತಿದ್ದರು. ಈ ಮಾತು ನಿಜವಾಗಿ ಹೊಂದೋದು ಅದೇ ದಿನದ ಇನ್ನೊಂದು ಸ್ಪರ್ಧೆಗೆ. 2020ರ ಸೋಲಿನ ನಂತರ 11,780 ಮತ ಹುಡುಕಿ ಅಂತ ಟ್ರಂಪ್ ಫೋನ್ ಮಾಡಿದ್ದರಲ್ಲ, ಆಗಿನ ಸೆಕ್ರೆಟರಿ ಆಫ್ ಸ್ಟೇಟ್ ಬ್ರಾಡ್ ರಾಫೆನ್ಸ್‌ಪರ್ಗರ್, ಅವರು ಅದೇ ಹುದ್ದೆಗೆ ಮತ್ತೆ ನಿಂತಿದ್ದರು. ಅವರು ಶೇ. 52ರಷ್ಟು ಮತ ತೆಗೆದುಕೊಂಡು ಎರಡನೇ ಸುತ್ತಿನಿಂದ ಸ್ವಲ್ಪದರಲ್ಲೇ ಪಾರಾದರು. ಅಲ್ಲಿ ಆ ಕಡೆಯಿಂದ ಬಂದ ಮತಗಳು ಕೆಲಸ ಮಾಡಿರಬಹುದು.

ಎದುರು ನಿಂತವರು ಜಾಸ್ತಿ ಇದ್ದರೆ ಯಾರಿಗೆ ಲಾಭ ಅನ್ನೋದು ರಾಜ್ಯದ ನಿಯಮದ ಮೇಲೆ ನಿಂತಿದೆ. ಎಲ್ಲರಿಗಿಂತ ಒಂದು ಮತ ಜಾಸ್ತಿ ಬಂದರೆ ಸಾಕು ಅನ್ನೋ ರಾಜ್ಯಗಳಲ್ಲಿ ಎದುರಾಳಿಗಳು ಹೆಚ್ಚಾದಷ್ಟೂ ವಿರೋಧದ ಮತ ಒಡೆದು ಹಾಲಿ ಗವರ್ನರ್‌ಗೆ ಅನುಕೂಲ. ಜಾರ್ಜಿಯಾದಂತೆ ಅರ್ಧ ದಾಟಲೇಬೇಕು ಅನ್ನೋ ಕಡೆ ಆ ಭಯ ಅಷ್ಟಿಲ್ಲ. ಎಲ್ಲರೂ ಸೇರಿ ಹಾಲಿ ಗವರ್ನರ್‌ನ ಶೇ. 50ರ ಕೆಳಗೆ ಎಳೆದರೆ ಎರಡನೇ ಸುತ್ತಿನಲ್ಲಿ ಮುಖಾಮುಖಿ ಸಿಗುತ್ತೆ. ಆದರೂ ಫೆಬ್ರವರಿಯಲ್ಲಿ ವರ್ನನ್ ಜೋನ್ಸ್ ಅನ್ನೋ ಇನ್ನೊಬ್ಬ ಅಭ್ಯರ್ಥಿ ಗವರ್ನರ್ ಕಣ ಬಿಟ್ಟು ಕಾಂಗ್ರೆಸ್ (ಅಮೆರಿಕದ ಸಂಸತ್ತು) ಸ್ಥಾನಕ್ಕೆ ಹೋದರು, ಅಲ್ಲಿ ಅವರಿಗೆ ಟ್ರಂಪ್ ಬೆಂಬಲ ಸಿಕ್ಕಿತು. ಪರ್ಡ್ಯೂಗೆ ದಾರಿ ಸಲೀಸಾಗಲಿ ಅಂತ ಮಾಡಿದ್ದು. ಅದರಿಂದ ಏನೂ ಆಗಲಿಲ್ಲ, ಜೋನ್ಸ್ ಅಲ್ಲೂ ಸೋತರು.

ಕರ್ನಾಟಕದಲ್ಲಾದರೆ ಟಿಕೆಟ್ ತಪ್ಪಿದವರು ಬಂಡಾಯ ಅಭ್ಯರ್ಥಿಯಾಗಿ ನಿಲ್ತಾರೆ, ಇಲ್ಲ ಪಕ್ಷ ಬದಲಿಸ್ತಾರೆ. 2023ರಲ್ಲಿ ಜಗದೀಶ್ ಶೆಟ್ಟರ್ ಮಾಡಿದ್ದು ನೆನಪಿದೆ ಅಲ್ವಾ? ಇಲ್ಲಿ ಬಹುತೇಕ ರಾಜ್ಯಗಳಲ್ಲಿ ಪ್ರೈಮರಿ ಸೋತವರು ಅದೇ ವರ್ಷ ಪಕ್ಷೇತರರಾಗಿ ನಿಲ್ಲೋಕೆ ಕಾನೂನೇ ಬಿಡಲ್ಲ. ಹಾಗಾಗಿ ಬಂಡಾಯ ಏನಿದ್ದರೂ ಪ್ರೈಮರಿಯಲ್ಲೇ ಮುಗೀಬೇಕು. ಸೋತ ರಾತ್ರಿಯೇ ಪರ್ಡ್ಯೂ ನಾನು ಕೆಂಪ್ ಪರ ಅಂದುಬಿಟ್ಟರು. ನವೆಂಬರ್‌ನಲ್ಲಿ ಕೆಂಪ್ ಅದೇ ಏಬ್ರಮ್ಸ್ ವಿರುದ್ಧ ಏಳು ಶೇಕಡಾಕ್ಕಿಂತ ಜಾಸ್ತಿ ಅಂತರದಲ್ಲಿ ಗೆದ್ದರು.

ಹಾಗಾದರೆ ಸೋಲೋ ಗವರ್ನರ್‌ಗಳು ಯಾರು? ಎರಡು ಥರ. ಒಂದು, ಜನಕ್ಕೆ ನಿಜವಾಗಿಯೂ ಸಾಕಾಗಿ ಹೋದವರು. ಅಲಾಸ್ಕಾದ ಫ್ರಾಂಕ್ ಮರ್ಕೌಸ್ಕಿ ಗವರ್ನರ್ ಆದ ಕೂಡಲೇ ತಮ್ಮ ಖಾಲಿ ಸೆನೆಟ್ ಸ್ಥಾನಕ್ಕೆ ಸ್ವಂತ ಮಗಳನ್ನೇ ನೇಮಿಸಿದರು. ಸರ್ಕಾರಿ ಖರ್ಚಲ್ಲಿ ಜೆಟ್ ವಿಮಾನ ಬೇರೆ ಕೊಂಡರು. 2006ರ ಪ್ರೈಮರಿಯಲ್ಲಿ ಅವರು ಎರಡನೆಯವರೂ ಅಲ್ಲ, ಮೂರನೆಯವರು. ಹವಾಯಿಯ ನೀಲ್ ಅಬರ್‌ಕ್ರಾಂಬಿ 2014ರಲ್ಲಿ ಡೇವಿಡ್ ಈಗೆ ಅವರ ಎದುರು ಹೀನಾಯವಾಗಿ ಸೋತರು. ಅವರ ಎದುರಾಳಿಯ ಹತ್ತಿರ ದುಡ್ಡೂ ಕಡಿಮೆ ಇತ್ತು.

ಇನ್ನೊಂದು ಥರ, ಚುನಾವಣೆ ಗೆಲ್ಲದೆ ಕುರ್ಚಿಗೆ ಬಂದವರು. ಕನ್ಸಾಸ್‌ನ ಜೆಫ್ ಕಾಲಿಯರ್ ಉಪಗವರ್ನರ್ ಆಗಿದ್ದರು. ಗವರ್ನರ್ ರಾಯಭಾರಿಯಾಗಿ ಹೋದದ್ದರಿಂದ 2018ರ ಆರಂಭದಲ್ಲಿ ಪಟ್ಟ ಸಿಕ್ಕಿತು. ಏನನ್ನಾದರೂ ಮಾಡಿ ತೋರಿಸೋಕೆ ಆರು ತಿಂಗಳು. ಮತದಾನದ ಹಿಂದಿನ ದಿನ ಟ್ರಂಪ್ ಅವರ ಎದುರಾಳಿ ಕ್ರಿಸ್ ಕೋಬಾಕ್ ಪರ ಟ್ವೀಟ್ ಮಾಡಿದರು. ಕಾಲಿಯರ್ ಸೋತಿದ್ದು ಬರೀ 343 ಮತಗಳಿಂದ. ನವೆಂಬರ್‌ನಲ್ಲಿ ಕೋಬಾಕ್ ಡೆಮಾಕ್ರಟಿಕ್ ಪಕ್ಷದ ಲಾರಾ ಕೆಲಿ ಎದುರು ಸೋತರು. ಅಲಾಸ್ಕಾದಲ್ಲಿ ಹಾಗಾಗಲಿಲ್ಲ. ಮರ್ಕೌಸ್ಕಿಯನ್ನು ಸೋಲಿಸಿದ ಸಾರಾ ಪೇಲಿನ್ ಗವರ್ನರ್ ಆದರು, ಎರಡು ವರ್ಷಕ್ಕೆ ಉಪಾಧ್ಯಕ್ಷ ಅಭ್ಯರ್ಥಿಯೂ ಆದರು.