ಮಳೆಗಾರರ ಫೋಟೊ ಹಾಕಬೇಕೆ, ಬೇಡವೆ?

ಮಾನ್ಯರೇ,

ದಕ್ಷಿಣ ಸುಡಾನಿನ ಲೊಟುಕೊ ಜನರಲ್ಲಿ ಮಳೆ ತರಿಸುವವರೆಂದು ನಂಬಲಾಗಿದ್ದ ಮಳೆಗಾರರ ಹಳೆಯ ಫೋಟೊಗಳನ್ನು ಕಳೆದ ಸಂಚಿಕೆಯಲ್ಲಿ ಹಾಕಿದ್ದಕ್ಕೆ ತಾವು ಬೇಸರಪಟ್ಟು ಬರೆದಿದ್ದೀರಿ. ಆಳುವವರು ಆಳಿಸಿಕೊಳ್ಳುವವರನ್ನು ನಿಲ್ಲಿಸಿ ತೆಗೆದ ಚಿತ್ರಗಳಿವು, ಮತ್ತೆ ಅಚ್ಚು ಹಾಕಿದರೆ ಅವಮಾನವನ್ನೇ ಮುಂದುವರಿಸಿದಂತೆ ಎಂಬುದು ತಮ್ಮ ವಾದ.

ಇದರಲ್ಲಿ ಅರ್ಧ ನಿಜವಿದೆ. 1869ರಲ್ಲೇ ಲ್ಯಾಂಪ್ರೆ ಎಂಬಾತ ರೇಷ್ಮೆ ದಾರದ ಚೌಕಳಿ ಪರದೆಯ ಮುಂದೆ ಜನರನ್ನು ಬೆತ್ತಲೆ ನಿಲ್ಲಿಸಿ ಫೋಟೊ ತೆಗೆದು ಮೈ ಅಳೆಯುವ ಕ್ರಮ ಸೂಚಿಸಿದ್ದ. ಸುಡಾನಿನಲ್ಲಿ ಬ್ರಿಟಿಷ್ ಮಾನವಶಾಸ್ತ್ರಜ್ಞರಾದ ಸೆಲಿಗ್ಮನ್ ದಂಪತಿಯ ಅಧ್ಯಯನ 1909ರಲ್ಲಿ ಶುರುವಾದದ್ದು ಅಲ್ಲಿನ ವಸಾಹತು ಸರ್ಕಾರದ ಕೋರಿಕೆಯ ಮೇಲೆಯೇ. 1921–22ರಲ್ಲಿ ಅವರು ಲೊಟುಕೊ ಸೀಮೆಗೂ ಹೋದರು. ಊರಿನಲ್ಲಿ ಯಾರ ಮಾತು ನಡೆಯುತ್ತದೆ ಎಂಬುದು ಆಡಳಿತಕ್ಕೆ ಬೇಕಿತ್ತು. ಅಲ್ಲಿ ಮಾತು ನಡೆಯುತ್ತಿದ್ದದ್ದು ಮಳೆ ತರಿಸುವವರದು.

ಆದರೆ ಚಿತ್ರವನ್ನು ಮುಚ್ಚಿಟ್ಟರೆ ಅದರಲ್ಲಿ ಏನು ಬಿಟ್ಟುಹೋಗಿದೆ ಎಂದು ತೋರಿಸುವ ದಾರಿಯೂ ಮುಚ್ಚುತ್ತದೆ. ಅಂಥ ಹಳೆಯ ಫೋಟೊಗಳ ಆಕಾಶವನ್ನೊಮ್ಮೆ ನೋಡಿ, ಬರೀ ಬಿಳುಪು. ಆಗ ಬಳಕೆಯಲ್ಲಿದ್ದ ಹೆಚ್ಚಿನ ಫೋಟೊ ಪ್ಲೇಟುಗಳಿಗೆ (ಫಿಲ್ಮಿನ ಬದಲಿನ ಗಾಜಿನ ಹಲಗೆಗಳು) ನೀಲಿ ಬಣ್ಣ ಬಲು ಬೇಗ ತಾಗುತ್ತಿತ್ತು, ಕೆಂಪು ತಾಗುತ್ತಲೇ ಇರಲಿಲ್ಲ. ಮುಖ ಸರಿಯಾಗಿ ಮೂಡುವಷ್ಟು ಬೆಳಕು ಬಿಟ್ಟರೆ ಮೋಡ ಅಳಿಸಿಹೋಗುತ್ತಿತ್ತು, ಕೆಂಪು ಮಣಿ ಕಪ್ಪಾಗುತ್ತಿತ್ತು. ಮಳೆಗಾರ ಇದ್ದಾನೆ, ಅವನು ಕರೆಯಬೇಕಾದ ಮೋಡವೇ ಇಲ್ಲ!

ಚೌಕಟ್ಟಿನಿಂದ ಹೊರಗುಳಿದವರು ಇನ್ನೂ ಮುಖ್ಯ. ಲೊಟುಕೊ ಊರಿನ ಹೊಣೆ ಹೊತ್ತವರು ಮೊನ್ಯೋಮಿಜಿ, ಅಂದರೆ ಅಧಿಕಾರದಲ್ಲಿರುವ ತಲೆಮಾರಿನ ಗಂಡಸರ ಕೂಟ. ಮಳೆಗಾರ ಅರಸನಂತೆ ಗೌರವ ಪಡೆದರೂ ಅವರಿಗೆ ಉತ್ತರ ಕೊಡಲೇಬೇಕಿತ್ತು. ಮಳೆ ಕೈಕೊಟ್ಟರೆ ಮೊದಲು ಅವನ ಮೇಲೆ ಅನುಮಾನ, ಆಮೇಲೆ ಒತ್ತಾಯ. ಬರ ಮುಂದುವರಿದಾಗ ಮಳೆಗಾರರನ್ನು ಕೊಂದದ್ದೂ ಆ ಸೀಮೆಯಲ್ಲಿ ಉಂಟು. ಒಬ್ಬನನ್ನೇ ನಿಲ್ಲಿಸಿ ತೆಗೆದ ಫೋಟೊದಲ್ಲಿ ಅವನು ಮಾಯಗಾರನಾಗಿ ಕಾಣುತ್ತಾನೆ, ಜೀವ ಪಣಕ್ಕಿಟ್ಟು ಅಧಿಕಾರ ನಡೆಸಿದವನಾಗಿ ಕಾಣುವುದಿಲ್ಲ. ಗಂಡಸರಷ್ಟೇ ಅಲ್ಲ, ತಿರಂಗೋಲೆ ಎಂಬ ಲೊಟುಕೊ ಊರಿನಲ್ಲಿ ಇಕಾಂಗ್ ಎಂಬ ರಾಣಿ ಮಳೆಯ ಅಧಿಕಾರ ಹೊತ್ತಿದ್ದಳು. ಅವಳ ಹೆಸರು ಉಳಿದಿದೆ. ಎಷ್ಟೋ ಜನರದು ಉಳಿದಿಲ್ಲ, ನನಗೆ ನೋವಾಗುವುದು ಅಲ್ಲಿ.

ಫೋಟೊಕ್ಕಿಂತ ಮೊದಲಿನ ಚಿತ್ರಗಳು ಇದಕ್ಕಿಂತ ಪ್ರಾಮಾಣಿಕ ಎನ್ನುವಂತೆಯೂ ಇಲ್ಲ. 1863ರಲ್ಲಿ ಅಲ್ಲಿಗೆ ಹೋದ ಇಂಗ್ಲಿಷ್ ಅನ್ವೇಷಕ ಸ್ಯಾಮ್ಯುಯೆಲ್ ಬೇಕರ್ ರೇಖಾಚಿತ್ರ ಬರೆದುಕೊಂಡ, ಲಂಡನ್ನಿನಲ್ಲಿ ಅವು ಕೆತ್ತನೆಯಾಗಿ ಅಚ್ಚಾದವು. ತಲೆಗೂದಲನ್ನೇ ನೇಯ್ದು, ಮಣಿ ಪೋಣಿಸಿ, ತಾಮ್ರದ ತಗಡು ಕೂರಿಸಿದ ಲೊಟುಕೊ ಶಿರಸ್ತ್ರಾಣ ಮುಗಿಯಲು 8ರಿಂದ 10 ವರ್ಷ ಬೇಕು ಎಂದು ಆತ ಬರೆದ. ಇಷ್ಟು ಸೂಕ್ಷ್ಮವಾಗಿ ನೋಡಿದವನೇ ಆ ಜನರ ಬುದ್ಧಿಯ ಬಗ್ಗೆ ತುಚ್ಛವಾಗಿಯೂ ಬರೆದ. ಎರಡನ್ನೂ ಓದುಗರ ಮುಂದಿಡಬೇಕು.

ಹೀಗಾಗಿ ಫೋಟೊ ಹಾಕುವುದನ್ನು ನಿಲ್ಲಿಸುವುದಿಲ್ಲ. ಆದರೆ ಮೈ ಅಳತೆಗೆಂದೇ ಎದುರಿನಿಂದ, ಪಕ್ಕದಿಂದ ತೆಗೆದ ಜೋಡಿ ಚಿತ್ರಗಳನ್ನು ಹಾಕುವುದಿಲ್ಲ, ಅವುಗಳ ವಿಷಯದಲ್ಲಿ ತಮ್ಮ ಮಾತೇ ಸರಿ. ಉಳಿದವಕ್ಕೆ ತೆಗೆದವರು ಯಾರು, ಯಾವ ಊರು, ಯಾವ ವರ್ಷ ಎಂಬುದರ ಜೊತೆಗೆ ಮೊನ್ಯೋಮಿಜಿಯ ಪಾತ್ರವನ್ನೂ ಅಡಿಬರಹದಲ್ಲಿ ಬರೆಯುತ್ತೇವೆ, ಅದಕ್ಕೆ ಅರ್ಧ ಪುಟ ಹಿಡಿದರೂ ಸರಿ.

— ಸಂಪಾದಕ